ಹುಳ ಇಲ್ಲದ ದಿನ

“ಹುಳ ಇರೋ ಮನೇಲಿ ಎಣ್ಣೆ ಕಾಯಿಸ್ತೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ? ಇಳಿಸು ಅದನ್ನ.”

ನರಸಿಂಹಪ್ಪ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಒಲೆಯ ಮೇಲಿದ್ದ ಹಿತ್ತಾಳೆ ಬಟ್ಟಲನ್ನು ಟವೆಲಿನಲ್ಲಿ ಹಿಡಿದೆತ್ತಿ ಹಿತ್ತಿಲ ಬಾಗಿಲಿನಿಂದ ಆಚೆ ಎಸೆದ. ಅದು ಹಸುವಿನ ನೀರಿನ ತೊಟ್ಟಿಗೆ ಬಡಿದು ಅಂಚು ಸೊಟ್ಟಗಾಯಿತು. ಲಕ್ಕಿ ಸೊಪ್ಪು, ಬೆಳ್ಳುಳ್ಳಿ, ಕರ್ಪೂರ ಹಾಕಿ ಕಾಯಿಸಿದ್ದ ಒಳ್ಳೆಣ್ಣೆಯೆಲ್ಲ ಮಣ್ಣು ಕುಡಿಯಿತು.

ಅವನ ತಾಯಿ ಗಂಗುಲಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

“ಎಸಿ. ನಿಮ್ಮಪ್ಪ ತಂದಿದ್ದ ಬಟ್ಟಲು. ನಿನ್ನ ಕಾಲು ನೆಟ್ಟಗೆ ಮಾಡಿದ್ದೂ ಅದೇ ಬಟ್ಟಲಿನ ಎಣ್ಣೆ ಕಣೋ.”

“ಕರ್ಪೂರದ ವಾಸ್ನೆಗೆ ಹುಳ ಸೊಪ್ಪು ಬಿಡುತ್ತೆ ಅಂತ ನಿನಗೆ ಗೊತ್ತಿಲ್ವಾ? ನೂರೈವತ್ತು ಮೊಟ್ಟೆ ತಂದಿದ್ದೀನಿ, ನಡುಮನೆ ತುಂಬ ರೇಷ್ಮೆ ಹುಳ.”

“ಮಗು ಬೆಳಗ್ಗೆಯಿಂದ ಮಂಡಿ ಹಿಡ್ಕೊಂಡು ಅಳ್ತಾ ಇದೆ. ಹುಳಕ್ಕೆ ಕೆಂಡ, ಮಗೂಗೆ ಬರೀ ಚಾಪೆ. ನಿನಗೆ ಮಗೂಗಿಂತ ಹುಳ ಹೆಚ್ಚಾಯ್ತಲ್ಲೋ.”

“ಹೂಂ, ಹೆಚ್ಚು. ಹುಳ ಮನೇಲಿರೋವರ್ಗೂ ನೀನು ಎಣ್ಣೆ ಮುಟ್ಟಬೇಡ. ಅಷ್ಟೇ.”

ಗೋಡೆಯ ಆಚೆ ಪಡಸಾಲೆಯಲ್ಲಿ ಅಮೃತ ಕಂಬಳಿ ಹೊದ್ದು ಕೂತಿದ್ದಳು. ಒಂಬತ್ತು ವರ್ಷದ ಹುಡುಗಿ. ಎರಡು ವರ್ಷದಿಂದ ಕೀಲುಬೇನೆ. ಮೊದಲು ಬಲ ಮಂಡಿ ಊದಿತು, ಆಮೇಲೆ ಎಡದ್ದು, ಆಮೇಲೆ ಮಣಿಕಟ್ಟು. ಬೆಳಗಾದರೆ ಮೈ ಮರಗಟ್ಟಿರುತ್ತಿತ್ತು, ಬಿಸಿಲು ಏರುವವರೆಗೆ ತಟ್ಟೆ ಹಿಡಿಯಲೂ ಆಗುತ್ತಿರಲಿಲ್ಲ. ಮಾತ್ರೆ ನುಂಗಿ ನುಂಗಿ ಮುಖ ದುಂಡಗಾಗಿತ್ತು. ನೋಡಿದವರೆಲ್ಲ ಮಗು ಚೆನ್ನಾಗಿ ಮೈ ಕೈ ತುಂಬಿಕೊಂಡಿದೆ ಅನ್ನುತ್ತಿದ್ದರು. ಬಲಗಾಲು ಮಂಡಿಯಲ್ಲಿ ಬಾಗಿದ್ದು ಬಾಗಿದ ಹಾಗೇ ಇತ್ತು. ಅಪ್ಪ ಹುಳವೇ ಹೆಚ್ಚು ಅಂದದ್ದು ಅವಳಿಗೆ ಕೇಳಿಸಿತು.

ನರಸಿಂಹಪ್ಪನಿಗೆ ಮಗಳಿಗಿಂತ ಹುಳ ಹೆಚ್ಚಾಗಿರಲಿಲ್ಲ. ಅವನು ಸುಳ್ಳು ಹೇಳುತ್ತಿದ್ದ. ಸುಳ್ಳು ಹೇಳುವುದರಲ್ಲಿ ಅವನು ಜಾಣನಲ್ಲ, ಅದಕ್ಕೇ ಸಿಟ್ಟು ಸೇರಿಸಿ ಹೇಳುತ್ತಿದ್ದ.

ನಿಜ ಇದ್ದದ್ದು ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಕೆಳಗಿಟ್ಟ ಆಸ್ಪತ್ರೆಯ ಚೀಟಿಯಲ್ಲಿ. ಹಿಂದಿನ ಗುರುವಾರ ಅವನೂ ಹೆಂಡತಿ ಶ್ಯಾಮಲಳೂ ಮಗಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದರು. ಅಲ್ಲಿ ಮಗುವನ್ನು ಒಂದು ಮೇಜಿನ ಮೇಲೆ ಮಲಗಿಸಿ ಮೂಳೆಯ ಫೋಟೋ ತೆಗೆದರು. ಡಾಕ್ಟರಮ್ಮ ಅದನ್ನು ನೋಡಿ ಸುತ್ತು ಬಳಸದೆ ಹೇಳಿದ್ದಳು. ಕೀಲಿನ ಬೇನೆ, ಅದಕ್ಕೆ ಕೊಟ್ಟ ಮಾತ್ರೆ, ಓಡಾಡದೆ ಕೂತದ್ದು, ಮೂರೂ ಸೇರಿ ಮೂಳೆ ಸವೆದಿದೆ. ಅರವತ್ತು ದಾಟಿದ ಮುದುಕಿಯ ಮೂಳೆ ಇದ್ದ ಹಾಗಿದೆ. ಬೀಳಬಾರದು. ಯಾರೂ ಕಾಲು ಎಳೆಯಬಾರದು, ಅದುಮಿ ತಿಕ್ಕಬಾರದು. ಹಾಗಂತ ಕೂರಿಸಿಡಲೂ ಬಾರದು. ದಿನಾ ಬಿಸಿಲಲ್ಲಿ ನಡೆಸಬೇಕು, ನಡೆದಷ್ಟೂ ಮೂಳೆ ಗಟ್ಟಿಯಾಗುತ್ತದೆ. ಅರ್ಧ ಲೀಟರ್ ಹಾಲು ಕುಡಿಸಬೇಕು, ಮೂಳೆಗೆ ಕೊಟ್ಟ ಸುಣ್ಣದ ಮಾತ್ರೆ ತಪ್ಪಿಸಬಾರದು.

ವಾಪಸ್ಸು ಬರುವ ಬಸ್ಸು ದೇವನಹಳ್ಳಿ ದಾಟಿತ್ತು. ಮಗಳು ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

“ಮೂಳೆ ವಿಷಯ ಮನೇಲಿ ಎತ್ತಬೇಡ” ಎಂದ ನರಸಿಂಹಪ್ಪ. “ಅಮ್ಮ ದಿನಕ್ಕೆ ಮೂರು ಬಾಣಂತಿ ಮನೆಗೆ ಹೋಗ್ತಾಳೆ. ಬೆಳಗ್ಗೆ ಅವಳಿಗೆ ಹೇಳಿದ್ರೆ ಸಂಜೆಗೆ ಜಂಗಮಕೋಟೆ ಪೂರ್ತಿ ಗೊತ್ತಾಗಿರುತ್ತೆ. ಕೀಲುನೋವು ಅಂದ್ರೆ ವಾಸಿ ಆಗುತ್ತೆ ಅಂತಾರೆ. ಮೂಳೆ ಟೊಳ್ಳು ಅಂದ್ರೆ ನಾಳೆ ಹೆಣ್ಣು ಕೇಳೋಕೆ ಯಾವನು ಬರ್ತಾನೆ?”

“ಅತ್ತೆ ಕಾಲು ತಿಕ್ಕದೆ ಬಿಡಲ್ಲ.”

“ನಾನು ನೋಡ್ಕೋತೀನಿ.”

ಶ್ಯಾಮಲ ಆಗಲೇ ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಅವಳಿಗೂ ಅದೇ ಭಯ ಇತ್ತು.

ಗಂಗುಲಮ್ಮನ ಬಾಯಿ ಸಡಿಲ, ನಿಜ. ಆದರೆ ಕೈ ಅಂಥದ್ದಲ್ಲ. ನಲವತ್ತು ವರ್ಷದಿಂದ ಜಂಗಮಕೋಟೆಯಲ್ಲಿ ಹುಟ್ಟಿದ ಮಕ್ಕಳಿಗೆ ನೀರು ಹಾಕಿದವಳು ಅವಳು. ಚಾಚಿದ ಎರಡು ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ, ಕೈಕಾಲು ನೀವಿ, ಮಂಡಿ ಮಡಿಸಿ ಬಿಡಿಸಿ, ಸೊಟ್ಟ ಕಾಲನ್ನು ನೆಟ್ಟಗೆ ಮಾಡಿ, ಬಿಸಿನೀರು ಹೊಯ್ದರೆ ಕೂಸು ಮಧ್ಯಾಹ್ನದವರೆಗೆ ಮಲಗುತ್ತಿತ್ತು. ಊರಿನ ಪಂಚಾಯ್ತಿ ಮೆಂಬರು ಕೂಡ ಅವಳ ಕಾಲ ಮೇಲೆ ಮಲಗಿ ಅತ್ತವನೇ. ಅಂಥವಳಿಗೆ ಸ್ವಂತ ಮೊಮ್ಮಗಳ ಕಾಲು ಸೊಟ್ಟಗಿರುವುದು ನೋವಿನ ಜೊತೆ ಅವಮಾನವೂ ಆಗಿತ್ತು. ಊರಿನ ಕಾಲೆಲ್ಲ ನೆಟ್ಟಗೆ ಮಾಡುವವಳ ಮನೆಯಲ್ಲಿ ನೋಡು ಅಂದವರೂ ಇದ್ದರು.

ಅವಳಿಗೆ ಡಾಕ್ಟರು ಬೇಡ ಅಂದರು ಎಂದರೆ ಕೇಳುವವಳಲ್ಲ. ಡಾಕ್ಟರು ಎಷ್ಟು ಮಕ್ಕಳಿಗೆ ನೀರು ಹಾಕಿದ್ದಾರೆ ಅನ್ನುತ್ತಿದ್ದಳು. ಹುಳಕ್ಕೆ ಕೆಡುಕು ಅಂದರೆ ಮಾತ್ರ ಕೇಳುತ್ತಿದ್ದಳು. ಹುಳ ಸಾಕುವ ಮನೆಗೆ ಮದುವೆಯಾಗಿ ಬಂದವಳು. ಹುಳ ಇರುವಾಗ ಒಗ್ಗರಣೆಗೆ ಮೆಣಸಿನಕಾಯಿ ಹಾಕದವಳು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಬಿಟ್ಟು ಇಪ್ಪತ್ತೈದು ದಿನ ಇರುವವಳು. ನರಸಿಂಹಪ್ಪ ಅದನ್ನೇ ಹಿಡಿದುಕೊಂಡ. ಆ ಮಾತಿನಲ್ಲಿ ಅರ್ಧ ನಿಜವೂ ಇತ್ತು, ಅದಕ್ಕೇ ಅದು ನಡೆಯಿತು. ಬಟ್ಟಲು ಎಸೆದ ದಿನದಿಂದ ಗಂಗುಲಮ್ಮ ಎಣ್ಣೆ ಮುಟ್ಟಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟಲನ್ನು ಆರಿಸಿ ತಂದು, ಬೂದಿಯಲ್ಲಿ ತಿಕ್ಕಿ, ಅಡಿಗೆಮನೆ ಗೂಡಿನಲ್ಲಿ ಕವುಚಿಟ್ಟಳು.

ಮನೆಯ ನಡುಮನೆ ಪೂರ್ತಿ ಹುಳದ ತಟ್ಟೆಗಳು. ಮನೆಯವರ ಊಟ ನಿದ್ದೆ ಎಲ್ಲ ಪಡಸಾಲೆಯಲ್ಲಿ. ಕಾರ್ತಿಕದ ಚಳಿ. ಒಳಗೆ ಹುಳಕ್ಕೆ ಬಾಣಲೆಯಲ್ಲಿ ಕೆಂಡ ಇಟ್ಟು ಗೋಣಿತಾಟು ಇಳಿಬಿಟ್ಟಿರುತ್ತಿದ್ದರು. ಮಗಳಿಗೆ ಶ್ಯಾಮಲ ಎರಡು ಕಂಬಳಿ ಹೊದಿಸುತ್ತಿದ್ದಳು. ಹುಳ ಇರುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಅಮೃತಳ ಜೊತೆ ಓದುತ್ತಿದ್ದ ಗೆಳತಿಯೊಬ್ಬಳು ಎರಡು ದಿನ ಬೀದಿಯಲ್ಲೇ ನಿಂತು ಕೂಗಿ ಮಾತಾಡಿದಳು, ಮೂರನೇ ದಿನದಿಂದ ಬರಲಿಲ್ಲ. ದಸರಾ ರಜ ಮುಗಿದ ಮೇಲೆ ಅಮೃತ ಸ್ಕೂಲಿಗೂ ಹೋಗಿರಲಿಲ್ಲ. ಎಲ್ಲರೂ ಸೊಪ್ಪು ತರುವುದು, ಕತ್ತರಿಸುವುದು, ಹಾಸುವುದು, ಕಸ ತೆಗೆಯುವುದು. ಅವಳು ಒಬ್ಬಳೇ ಗೋಡೆಗೆ ಒರಗಿ ಕೂತು, ಒಳಗೆ ಯಾರು ಯಾವ ಸಾಲಿನಲ್ಲಿದ್ದಾರೆಂದು ಕಾಲಿನ ಸಪ್ಪಳದಲ್ಲೇ ಹೇಳುವಷ್ಟು ಕಲಿತಳು.

ಶ್ಯಾಮಲ ಬೆಳಗಿನ ಸೊಪ್ಪು ಹಾಕಿ ಬಂದು ಮಗಳನ್ನು ಅಂಗಳದಲ್ಲಿ ನಡೆಸುತ್ತಿದ್ದಳು. ಹುಳ ಮೂರನೇ ಜ್ವರಕ್ಕೆ ಕೂತ ದಿನ ಅದಕ್ಕೂ ಜಗಳವಾಯಿತು. ಪೊರೆ ಬಿಡುವ ಮುಂಚೆ ಹುಳ ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ನಿಲ್ಲುತ್ತದೆ. ಅದಕ್ಕೇ ಜ್ವರ ಅನ್ನುವುದು. ಆಗ ಸೊಪ್ಪು ಹಾಕುವುದಿಲ್ಲ, ಯಾರೂ ಮುಟ್ಟುವುದಿಲ್ಲ.

“ಜ್ವರಕ್ಕೆ ಕೂತ ಹುಳನ ಯಾರಾದ್ರೂ ಎಬ್ಬಿಸ್ತಾರಾ?” ಗಂಗುಲಮ್ಮ ಜಗಲಿಯಿಂದ ಕೇಳಿದಳು. “ನೋವಿರೋ ಕೂಸನ್ನ ಎಳೆದಾಡ್ತೀಯಲ್ಲಮ್ಮ.”

“ನಡೆಸಬೇಕು ಅಂತ ಡಾಕ್ಟ್ರು ಹೇಳವ್ರೆ ಅತ್ತೆ.”

“ಯಾಕಂತೆ?”

ಶ್ಯಾಮಲ ಮಗಳ ತೋಳು ಹಿಡಿದು ಇನ್ನೆರಡು ಹೆಜ್ಜೆ ನಡೆಸಿದಳು. “ಏನೋ ಹೇಳಿದ್ರು. ನಂಗೆಲ್ಲಿ ನೆನಪಿರುತ್ತೆ.”

“ಹಾಲೂ ಅಂಗೇ. ಡೈರಿಗೆ ಹಾಕೋ ಹಾಲನ್ನ ತಂದು ತಂದು ಕುಡಿಸ್ತೀಯ. ಶೀತ, ವಾಯು, ಎರಡೂ ಜಾಸ್ತಿ ಆಗುತ್ತೆ. ಕೇಳಿದ್ರೆ ಡಾಕ್ಟ್ರು. ಆ ಡಾಕ್ಟ್ರಿಗೆ ಬಾಯಿ ಇಲ್ವಾ, ಕಾರಣ ಹೇಳಲ್ವಾ?”

ಕೊನೆಗೆ ಮುದುಕಿಯೇ ಎದ್ದು ಬಂದು ಮೊಮ್ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಒಳಗೆ ಹೋದಳು. ಅರವತ್ತನಾಲ್ಕು ವರ್ಷದ ಅವಳ ಮೂಳೆಗೆ ಏನೂ ಆಗಿರಲಿಲ್ಲ. ಶ್ಯಾಮಲ ಖಾಲಿ ಕೈಯಲ್ಲಿ ಅಂಗಳದಲ್ಲಿ ನಿಂತಳು. ಆಮೇಲೆ ಮುದುಕಿ ಬಾಣಂತಿ ಮನೆಗೆ ಹೋದ ಹೊತ್ತು ನೋಡಿಕೊಂಡು ಮಗಳನ್ನು ನಡೆಸತೊಡಗಿದಳು. ಕದ್ದು ನಡೆಸುವುದು, ಕದ್ದು ಹಾಲು ಕುಡಿಸುವುದು. ಗಂಡನ ಜೊತೆಯೂ ಮಾತು ಕಡಿಮೆಯಾಯಿತು. ಮಾತಾಡಿದರೆ ಬಾಯಿಗೆ ಬರುತ್ತಿದ್ದದ್ದು ಅದೊಂದೇ ವಿಷಯ. ಅದನ್ನು ಆಡುವಂತಿರಲಿಲ್ಲ.

ಅಜ್ಜಿ ಮೊಮ್ಮಗಳು ಮಾತ್ರ ಸಂಜೆ ಒಂದೇ ಕಂಬಳಿಯಲ್ಲಿ ಕೂತು ಮಾತಾಡುತ್ತಿದ್ದರು. ಗಂಗುಲಮ್ಮನ ತವರು ಗೌರಿಬಿದನೂರಿನ ಕಡೆ. ಮುದ್ದು ಬಂದಾಗ ಅವಳ ಮಾತು ತೆಲುಗಿಗೆ ಜಾರುತ್ತಿತ್ತು.

“ಬಂಗಾರು ತಲ್ಲಿ, ಹುಳ ಹಣ್ಣಾಗಿ ಗೂಡು ಕಟ್ಲಿ. ಗೂಡು ಮಾರ್ಕೆಟ್ಟಿಗೆ ಹೋದ ದಿನವೇ ನಿನಗೆ ಎಣ್ಣೆ. ಒಂದೇ ವಾರ. ಆಮೇಲೆ ನೀನು ಓಡೋದನ್ನ ನಿಮ್ಮಪ್ಪ ನೋಡ್ಲಿ.”

“ಅಪ್ಪ ಬೈದ್ರೆ?”

“ಹುಳ ಇಲ್ಲದ ಮನೇಲಿ ಯಾಕೆ ಬೈತಾನೆ?”

ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಲ್ಲಿ ಯಾರಿಗೂ ಕೂರಲು ಹೊತ್ತಿರಲಿಲ್ಲ. ಸೊಪ್ಪು ಎಷ್ಟು ತಂದರೂ ಸಾಲದು. ಒಂದು ಸಂಜೆ ನರಸಿಂಹಪ್ಪ ಹೊರೆ ಇಳಿಸಿ ಪಡಸಾಲೆಯಲ್ಲಿ ಕತ್ತರಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಅಮೃತ ಕತ್ತಿಯನ್ನೇ ನೋಡುತ್ತ ಕೇಳಿದಳು:

“ಅಪ್ಪಾ, ಹುಳ ಹೋದ್ಮೇಲೆ ಅಜ್ಜಿ ಎಣ್ಣೆ ಹಚ್ಬೋದಾ?”

ಒಳಗಿನಿಂದ ಶ್ಯಾಮಲ ಸೊಪ್ಪು ಸೊಪ್ಪು ಎಂದು ಕೂಗುತ್ತಿದ್ದಳು. ನರಸಿಂಹಪ್ಪ ತಲೆ ಎತ್ತಲಿಲ್ಲ.

“ಹೂಂ ಕಣಮ್ಮ, ಹೋದ್ಮೇಲೆ ನೋಡಣ.”

ಹೇಳಿದ, ಮರೆತ. ಮಕ್ಕಳು ಮರೆಯುವುದಿಲ್ಲ.

ಬೆಳೆ ಚೆನ್ನಾಗಿ ಬಂತು. ಹುಳ ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಏರಿದವು, ಆರನೇ ದಿನ ಗೂಡು ಬಿಡಿಸಿದರು. ಬೆಳಗಿನ ಜಾವವೇ ಮೂಟೆಗಳನ್ನು ಟೆಂಪೋಗೆ ಹಾಕಿ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೊರಟರು. ಮಗಳ ಮಾತ್ರೆ ಮುಗಿದಿತ್ತು, ಅದು ಸಿಗುವುದು ಚಿಕ್ಕಬಳ್ಳಾಪುರದ ಒಂದೇ ಅಂಗಡಿಯಲ್ಲಿ. ಅದಕ್ಕೆ ಶ್ಯಾಮಲಳೂ ಅದೇ ಟೆಂಪೋ ಹತ್ತಿದಳು.

ಹತ್ತುವ ಮೊದಲು ಅವಳು ಹಿಂದಕ್ಕೆ ಬಂದಳು. ಅತ್ತೆ ಬಾಗಿಲಿಗೆ ನೀರು ಹಾಕುತ್ತಿದ್ದಳು. ಎದುರು ಮನೆಯ ಅಕ್ಕಯ್ಯಮ್ಮನೂ ಅಲ್ಲೇ ನಿಂತು, ತುಂಬಿದ ಬಸುರಿ ಮಗಳು ಪವಿತ್ರಳ ಮಾತು ಹೇಳುತ್ತಿದ್ದಳು. ಶ್ಯಾಮಲಳ ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು.

“ಅತ್ತೆ, ಮಗು ಹುಷಾರು.”

“ನನಗೆ ಹೇಳ್ಕೊಡ್ತೀಯಾ?” ಎಂದು ಗಂಗುಲಮ್ಮ ನಕ್ಕಳು. “ಹೋಗಿ ಬಾ.”

ಹೊತ್ತು ಏರುವ ಹೊತ್ತಿಗೆ ಗಂಗುಲಮ್ಮ ನಡುಮನೆ ಗುಡಿಸಿ, ಹಿಕ್ಕೆ ಕಸ ತಿಪ್ಪೆಗೆ ಹಾಕಿ, ತಟ್ಟೆಗಳನ್ನು ಬಿಸಿಲಿಗಿಟ್ಟಳು. ಇಪ್ಪತ್ತೈದು ದಿನದ ಮೇಲೆ ಮನೆ ಮನೆಯ ಹಾಗೆ ಕಂಡಿತು. ಅಡಿಗೆಮನೆ ಗೂಡಿನಿಂದ ಸೊಟ್ಟ ಬಟ್ಟಲು ಇಳಿಸಿದಳು. ಎಣ್ಣೆಯ ವಾಸನೆ ಎದ್ದಾಗ ಅಮೃತ ಪಡಸಾಲೆಯಿಂದಲೇ ಕೂಗಿ ಹೇಳಿದಳು:

“ಅಜ್ಜೀ, ಅಪ್ಪ ಹೂಂ ಅಂದವ್ರೆ. ನಾನು ಕೇಳಿದ್ದೆ.”

“ನೋಡ್ದಾ? ನಿಮ್ಮಪ್ಪ ಬಾಯಿ ಒರಟು, ಮನಸ್ಸು ಒರಟಲ್ಲ.”

ಖಾಲಿ ನಡುಮನೆಯಲ್ಲಿ ಕಿಟಕಿಯ ಬಿಸಿಲು ಬೀಳುವ ಕಡೆ ಚಾಪೆ ಹಾಸಿ, ಗಂಗುಲಮ್ಮ ಕಾಲು ಚಾಚಿ ಕೂತು, ಮೊಮ್ಮಗಳ ಕಾಲನ್ನು ತನ್ನ ಕಾಲ ಮೇಲೆ ಎಳೆದುಕೊಂಡಳು. ಮೊದಲು ಪಾದ, ಆಮೇಲೆ ಮೀನಖಂಡ. ಅಷ್ಟು ಹಿತವಾಗಿ ಆ ಹುಡುಗಿಯನ್ನು ಯಾರೂ ಮುಟ್ಟಿ ತಿಂಗಳಾಗಿತ್ತು. ಅಮ್ಮ ಮುಟ್ಟಿದರೆ ಹೆದರಿ ಮುಟ್ಟುತ್ತಿದ್ದಳು, ಅಪ್ಪ ಮುಟ್ಟುತ್ತಲೇ ಇರಲಿಲ್ಲ. ಅಮೃತ ಕಣ್ಣು ಮುಚ್ಚಿದಳು. ಅಜ್ಜಿ ಊರಿನ ಕೂಸುಗಳ ಕಥೆ ಹೇಳುತ್ತಿದ್ದಳು, ಯಾರು ಮೈಮೇಲೆ ಉಚ್ಚೆ ಹೊಯ್ದ, ಯಾರು ಬೆರಳು ಕಚ್ಚಿದ ಎಂದು. ಹುಡುಗಿ ನಗುತ್ತಿದ್ದಳು.

ಆಮೇಲೆ ಗಂಗುಲಮ್ಮ ಒಂದು ಅಂಗೈಯನ್ನು ಮಂಡಿಯ ಮೇಲಿಟ್ಟು, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದು, ನಲವತ್ತು ವರ್ಷ ಮಾಡಿದ ಹಾಗೆಯೇ, ಬಾಗಿದ್ದ ಕಾಲನ್ನು ಒತ್ತಿ ನೆಟ್ಟಗೆ ಎಳೆದಳು.

ಹಿಪ್ಪುನೇರಳೆ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅಮೃತ ಮೊದಲು ಕಣ್ಣು ಬಿಟ್ಟು ಅಜ್ಜಿಯ ಮುಖ ನೋಡಿದಳು. ಕೂಗು ಆಮೇಲೆ ಬಂತು. ಎದುರು ಮನೆಯ ಅಕ್ಕಯ್ಯಮ್ಮ ಓಡಿ ಬಂದಾಗ ಗಂಗುಲಮ್ಮ ಎಣ್ಣೆ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೂತಿದ್ದಳು. ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ.

ಮಂಡಿಗಿಂತ ಮೇಲೆ, ತೊಡೆಮೂಳೆ ಮುರಿದಿತ್ತು. ಶಿಡ್ಲಘಟ್ಟದಲ್ಲಿ ಪಟ್ಟಿ ಕಟ್ಟಿ ಬೆಂಗಳೂರಿಗೆ ಕಳಿಸಿದರು. ಬೇಡವೆಂದರೂ ಗಂಗುಲಮ್ಮ ಜೊತೆಗೆ ಹೋದಳು. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, ಎದುರಿಗಿದ್ದ ಮೂವರನ್ನೂ ನೋಡಿ ಕೇಳಿದಳು:

“ಮೂಳೆ ಸವೆದಿದೆ, ಕಾಲು ಎಳೀಬೇಡಿ ಅಂತ ಹೋದ ತಿಂಗಳೇ ಹೇಳಿದ್ದೆ. ಬರೆದೂ ಕೊಟ್ಟಿದ್ದೆ. ಮನೆಯವರಿಗೆ ಹೇಳಲಿಲ್ಲವಾ?”

ನರಸಿಂಹಪ್ಪ ನೆಲ ನೋಡಿದ. ಶ್ಯಾಮಲ ಸೆರಗು ಬಾಯಿಗಿಟ್ಟುಕೊಂಡಳು. ಗಂಗುಲಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬೈದಿದ್ದರೆ ಅವರಿಬ್ಬರಿಗೂ ಹಗುರವಾಗುತ್ತಿತ್ತು. ಊರಿಗೆ ವಾಪಸ್ಸು ಬರುವಾಗಲೂ ಬೈಯಲಿಲ್ಲ.

ಸೊಂಟದಿಂದ ಪಾದದವರೆಗೆ ಹಾಕಿದ ಪ್ಲಾಸ್ಟರಿನಲ್ಲಿ ಅಮೃತಳನ್ನು ನಡುಮನೆಯಲ್ಲೇ ಮಂಚದ ಮೇಲೆ ಮಲಗಿಸಿದರು. ನೋಡಲು ಊರವರು ಬಂದರು. ಹೇಗಾಯಿತು ಎಂದು ಎಲ್ಲರೂ ಕೇಳುವವರೇ.

ಆಗ ನರಸಿಂಹಪ್ಪ ಎರಡನೇ ಸಲ ಸುಳ್ಳು ಹೇಳಿದ. ಪೂರ್ತಿ ಸುಳ್ಳೂ ಅಲ್ಲ. “ಅಮ್ಮ ತಿಕ್ಕುವಾಗ ಮುರೀತು” ಎಂದ. ಮುಂದಿನದು ಹೇಳಲಿಲ್ಲ. ಬಂದವರು ಗಂಗುಲಮ್ಮನ ಕೈ ನೋಡಿ ಎದ್ದು ಹೋದರು.

ಎಂಟು ದಿನಕ್ಕೆ ಪವಿತ್ರ ಹೆತ್ತಳು, ಗಂಡು ಕೂಸು. ಆ ಮನೆಗೆ ನೀರು ಹಾಕಲು ಗಂಗುಲಮ್ಮ ಆರು ತಿಂಗಳ ಹಿಂದೆಯೇ ಒಪ್ಪಿದ್ದಳು. ಕರೆಯಲು ಬರಲಿಲ್ಲ. ಬಾಣಂತಿ ಮನೆಯ ಗಡಿಬಿಡಿ ಇರಬೇಕು ಎಂದುಕೊಂಡು, ಸೀರೆ ಎತ್ತಿ ಕಟ್ಟಿ, ತಾನೇ ಹೋದಳು. ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ಬಚ್ಚಲಲ್ಲಿ ಕೆಳಬೀದಿಯ ಪೆದ್ದಮ್ಮನ ದನಿ ಕೇಳಿಸುತ್ತಿತ್ತು, ಕೂಸಿನ ಅಳುವೂ.

“ಬೇಡ ಬಿಡಿ ಗಂಗುಲಮ್ಮ. ನೀವೂ ದಣಿದಿದ್ದೀರ. ಪೆದ್ದಮ್ಮ ಹಾಕ್ತಾ ಅವ್ರೆ.”

ಗಂಗುಲಮ್ಮ ಬೀದಿ ದಾಟಿ ಬಂದಳು. ನರಸಿಂಹಪ್ಪ ಉಣ್ಣುತ್ತಿದ್ದ. ಮುದ್ದೆ, ಅವರೆಕಾಳಿನ ಸಾರು. ಅವನ ಎದುರು ಕೂತು ಅವಳು ಮೊದಲ ಸಲ ಮಾತೆತ್ತಿದಳು.

“ಗೊತ್ತಿತ್ತಲ್ಲೋ ನಿನಗೆ.”

ಅವನು ತುತ್ತು ಮುರಿಯುವುದನ್ನು ನಿಲ್ಲಿಸಿದ.

“ಮೂಳೆ ಚೆನ್ನಾಗಿಲ್ಲ ಕಣಮ್ಮ, ಮುಟ್ಟಬೇಡ ಅಂದಿದ್ರೆ ನಾನು ಮುಟ್ತಿದ್ನಾ? ಹುಳ ಅಂದೆ. ಹುಳ ಹೋಯ್ತು, ನಾನು ಎಣ್ಣೆ ಕಾಯಿಸ್ದೆ. ನನ್ನ ಕೈಯಲ್ಲಿ ನನ್ನ ಕೂಸಿನ ಕಾಲು ಮುರಿಸ್ದೆ ನೀನು.”

“ನಿನ್ನ ಬಾಯಿ ನೆಟ್ಟಗಿದ್ದಿದ್ರೆ ಹೇಳ್ತಿದ್ದೆ.”

“ನನ್ನ ಬಾಯಿ ಸರಿ ಇಲ್ಲ, ಒಪ್ಕೋತೀನಿ. ಈಗ ಊರೆಲ್ಲ ನನ್ನ ಕೈ ಸರಿ ಇಲ್ಲ ಅಂತಾರೆ. ಎದ್ದು ಎದುರು ಮನೆಗೆ ಹೋಗು. ಮೂಳೆ ಮೊದ್ಲೇ ಸವೆದಿತ್ತು, ನಾವು ಮುಚ್ಚಿಟ್ವಿ, ನಮ್ಮಮ್ಮಂದು ತಪ್ಪಿಲ್ಲ ಅನ್ನು. ಒಂದೇ ಮನೆಗೆ ಹೇಳು. ಸಾಕು.”

“ಹೇಳಿದ್ರೆ ಇವಳ ಗತಿ? ನಾಳೆ ಯಾರು ಮಾಡ್ಕೋತಾರೆ ಇವಳನ್ನ?”

“ಇವತ್ತಿನ ಗತಿ ನೋಡೋ ಮೊದ್ಲು.”

“ನಾನು ಹೇಳಲ್ಲ.” ನರಸಿಂಹಪ್ಪ ತಟ್ಟೆಯಲ್ಲೇ ಕೈ ತೊಳೆದ. “ಏನು ಬೇಕಾದ್ರೂ ಮಾಡ್ಕೋ.”

ಮಂಚದ ಮೇಲೆ ಮಲಗಿದ್ದ ಅಮೃತ ಸೂರು ನೋಡುತ್ತಿದ್ದಳು. ತನ್ನ ಮೂಳೆಯ ಮಾತು ಅವಳು ಕೇಳಿದ್ದು ಅದೇ ಮೊದಲು. ಗಂಗುಲಮ್ಮ ಮೊಮ್ಮಗಳ ಕಡೆ ತಿರುಗಿ ನೋಡಿ, ಎದ್ದಳು.

“ಸರಿ ಬಿಡು. ಅವಳ ಹೆಸರು ಉಳೀಲಿ.”

ಎರಡು ಸೀರೆ, ಎಲೆ ಅಡಿಕೆ ಚೀಲ, ಅಷ್ಟೇ ತೆಗೆದುಕೊಂಡಳು. ಶ್ಯಾಮಲ ಕೈ ಹಿಡಿದಳು, ಕಾಲು ಹಿಡಿಯಲು ಬಗ್ಗಿದಳು. ಗಂಗುಲಮ್ಮ ಅವಳನ್ನು ಎತ್ತಿ ನಿಲ್ಲಿಸಿ, ಹಾಲು ತಪ್ಪಿಸಬೇಡ ಎಂದಳು. ಮಂಚದ ಹತ್ತಿರ ಹೋದಳು, ಪ್ಲಾಸ್ಟರಿನ ಮೇಲೆ ಕೈ ಇಡಲು ಹೋಗಿ ಇಡಲಿಲ್ಲ. ಗೂಡಿನಲ್ಲಿದ್ದ ಬಟ್ಟಲನ್ನು ತೆಗೆದು ಮೊಮ್ಮಗಳ ದಿಂಬಿನ ಪಕ್ಕ ಇಟ್ಟಳು.

“ಮಾತ್ರೆ ಹಾಕಿಟ್ಕೋ ತಲ್ಲಿ.”

“ಎಲ್ಲಿಗೆ ಅಜ್ಜಿ?”

“ನಮ್ಮೂರಿಗೆ. ನನ್ನ ತಮ್ಮ ಕೋನಪ್ಪ ತಾತನ ಮನೆಗೆ.”

“ಯಾವಾಗ ಬರ್ತೀಯ?”

ಗಂಗುಲಮ್ಮ ಆಗಲೇ ಹೊಸ್ತಿಲು ದಾಟಿದ್ದಳು. ಬೀದಿಯಲ್ಲಿ ಅಕ್ಕಯ್ಯಮ್ಮ ಬಾಣಂತಿಯ ಬಟ್ಟೆ ಒಣಹಾಕುತ್ತಿದ್ದಳು. ಗಂಗುಲಮ್ಮ ಅವಳನ್ನು ದಾಟಿ ಬಸ್ಸಿನ ಕಡೆ ನಡೆದಳು. ನರಸಿಂಹಪ್ಪ ಹಿತ್ತಿಲಲ್ಲಿ ಹಸುವಿಗೆ ನೀರು ಕುಡಿಸುತ್ತ ನಿಂತಿದ್ದ. ತೊಟ್ಟಿ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಸುರಿಯುತ್ತಲೇ ಇದ್ದ.

ಮೂರನೇ ದಿನ ಶ್ಯಾಮಲ ಗಂಡನನ್ನು ಕೇಳದೆ ಬೀದಿ ದಾಟಿ ಹೋಗಿ ಅಕ್ಕಯ್ಯಮ್ಮನಿಗೆ ಎಲ್ಲ ಹೇಳಿದಳು. ಟ್ರಂಕಿನ ಚೀಟಿಯನ್ನೂ ತೋರಿಸಿದಳು. ಅಕ್ಕಯ್ಯಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೂ ಚೀಟಿ ಹಿಡಿದು ಅತ್ತಳು. ಮನೆಗೆ ಬಂದು ಶ್ಯಾಮಲ ಗಂಡನಿಗೂ ಹೇಳಿದಳು, ಹೇಳಿ ಬಂದೆ, ಏನು ಮಾಡ್ತೀರೋ ಮಾಡಿ ಎಂದು. ನರಸಿಂಹಪ್ಪ ಕೈ ಎತ್ತಿದ. ಎತ್ತಿದ ಕೈ ಇಳಿಸಿ, ಅಂಗಿ ಹಾಕಿಕೊಂಡು ಗೌರಿಬಿದನೂರಿನ ಬಸ್ಸು ಹಿಡಿದ.

ಗಂಗುಲಮ್ಮ ಮಗನಿಗೆ ನೀರು ಕೊಟ್ಟಳು, ಊಟ ಬಡಿಸಿದಳು. ಊರಿಗೆಲ್ಲ ಗೊತ್ತಾಯಿತು, ಇನ್ನು ಬಾ ಎಂದು ಅವನು ಕರೆದ. ಪವಿತ್ರಳ ಕೂಸಿಗೂ ನೀನೇ ನೀರು ಹಾಕಬೇಕಂತೆ ಎಂದ. ಅವಳು ಮುಂದಿನ ಹುಳ ಯಾವಾಗ ತರುತ್ತೀಯ ಎಂದು ಕೇಳಿದಳು, ಸಂಕ್ರಾಂತಿ ಕಳೆದ ಮೇಲೆ ಎಂದ. ಹುಳ ತರುವ ಮುಂಚೆ ನಡುಮನೆಗೆ ಸುಣ್ಣ ಚೆನ್ನಾಗಿ ಹೊಡೆಸು ಎಂದಳು. ಹೊರಡುವಾಗ ಬಾಗಿಲವರೆಗೂ ಬಂದಳು. ಬಾಗಿಲು ದಾಟಲಿಲ್ಲ.

“ನನ್ನ ಕೈಯೇ ನನಗೆ ಭಯ ಕಣೋ ಈಗ. ಕೋನಪ್ಪನ ಮೊಮ್ಮಗೂನ ಕೂಡ ಎತ್ಕೊಳ್ತಿಲ್ಲ ನಾನು. ನೀನು ಹೋಗು.”

ಪ್ಲಾಸ್ಟರ್ ತೆಗೆದದ್ದು ಸಂಕ್ರಾಂತಿ ಮುಗಿದ ವಾರ. ಕಾಲು ಕಡ್ಡಿಯಾಗಿತ್ತು. ಡಾಕ್ಟರಮ್ಮ ಮೊದಲು ಹತ್ತು ಹೆಜ್ಜೆ ನಡೆಸಿ, ದಿನಾ ಒಂದೆರಡು ಹೆಚ್ಚಿಸಿ ಎಂದಳು. ಆಸ್ಪತ್ರೆಯವರು ನಾಲ್ಕು ಕಾಲಿನ ಊರುಗೋಲು ಕೊಟ್ಟರು. ಅದೇ ವಾರ ಹೊಸ ಹುಳ ಬಂತು. ಅಮೃತಳ ಚಾಪೆ ಮತ್ತೆ ಪಡಸಾಲೆಗೆ ಬಂತು. ನರಸಿಂಹಪ್ಪ ಈ ಸಲ ಒಂದು ಬಾಣಲೆ ಕೆಂಡ ಅವಳ ಹತ್ತಿರವೂ ತಂದಿಟ್ಟ. ಅಪ್ಪನ ಜೊತೆ ಅವಳು ಬೇಕಾದ್ದಷ್ಟೇ ಮಾತಾಡುತ್ತಿದ್ದಳು.

ನಡಿ ಎಂದು ಶ್ಯಾಮಲ ಹೇಳಬೇಕಾಗಿ ಬರಲಿಲ್ಲ. ಚಿಕ್ಕಬಳ್ಳಾಪುರದಿಂದ ಬರುವ ಬಸ್ಸು ಸಂಜೆ ಐದಕ್ಕೆ ಹುಣಸೆ ಮರದ ಹತ್ತಿರ ನಿಲ್ಲುತ್ತದೆ. ಗೌರಿಬಿದನೂರಿನ ಕಡೆಯವರು ಇಳಿಯುವುದು ಅದರಲ್ಲೇ. ನಾಲ್ಕೂವರೆಗೆ ಹುಡುಗಿ ಊರುಗೋಲು ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದಳು. ಮೊದಲ ವಾರ ಬಾಗಿಲವರೆಗೆ. ಎರಡನೇ ವಾರ ಅಕ್ಕಯ್ಯಮ್ಮನ ಜಗಲಿವರೆಗೆ. ಹುಳ ನಾಲ್ಕನೇ ಜ್ವರ ಎದ್ದ ದಿನ ಬೀದಿಯ ಮೂಲೆ ಮುಟ್ಟಿದಳು. ಅಲ್ಲಿಂದ ಮರ ಕಾಣುತ್ತಿತ್ತು.

ಬಸ್ಸು ನಿಂತಿತು. ಸ್ಕೂಲು ಮೇಷ್ಟ್ರು ಇಳಿದರು, ಮೇವಿನ ಕಟ್ಟು ಹಿಡಿದ ಒಬ್ಬ ಮುದುಕ ಇಳಿದ, ಸೊಂಟದಲ್ಲಿ ಕೂಸು ಹೊತ್ತ ಯಾರೋ ಹೆಂಗಸು ಇಳಿದಳು. ಬಾಗಿಲು ಮುಚ್ಚಿತು.

ಶ್ಯಾಮಲ ಸೊಪ್ಪಿನ ಬುಟ್ಟಿ ಹೊತ್ತು ಬಂದು ಮಗಳ ಪಕ್ಕ ನಿಂತಳು.

“ಇವತ್ತು ಎಷ್ಟು ಹೆಜ್ಜೆ?”

“ನೂರಾ ಹನ್ನೆರಡು.”

“ಸಾಕು ಬಾ, ದಣಿದಿದ್ದೀಯ.”

“ನಾಳೆ ಆ ಕಲ್ಲಿನವರ್ಗೂ ಹೋಗ್ತೀನಿ” ಎಂದಳು ಅಮೃತ. “ಅಲ್ಲಿಂದ ಬಸ್ಸು ಇನ್ನೂ ಮುಂಚೆ ಕಾಣುತ್ತೆ.”